ನಲವತ್ತೊಂದು ದಿನದ ಮೋಡ

ಮಾರ್ಚ್ 4

ಜಡ್ಜಮ್ಮನವರಿಗೆ,

ಮನೆಯಲ್ಲಿ ಯಾರು ಜಗಳವಾಡಿದರೂ ನಡುವೆ ಬಂದು ತೀರ್ಪು ಕೊಡುತ್ತಿದ್ದೆ ಎಂದು ನಿಮ್ಮಪ್ಪ ನಿನಗೆ ಇಟ್ಟ ಹೆಸರು. ಈಗ ನಿಜವಾಗಿಯೂ ತೀರ್ಪು ಕೊಟ್ಟಿದ್ದೀಯ, ಅದಕ್ಕೇ ಹಾಗೆ ಕರೆದೆ. ‘ಮಗಳೇ’ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ನಿನ್ನೆ ಹಳೆಯ ಕಚೇರಿಗೆ ಹೋಗಿದ್ದೆ. ನಿವೃತ್ತರಾದವರು ವರ್ಷಕ್ಕೊಮ್ಮೆ ಹೋಗಿ, ಇನ್ನೂ ಬದುಕಿದ್ದೇವೆ ಎಂದು ಸಹಿ ಹಾಕಿ ಬರಬೇಕು. ಹಾಕಿ ಮೆಟ್ಟಿಲು ಇಳಿಯುತ್ತಿದ್ದೆ. ಈಗ ನನ್ನ ಕೆಲಸದಲ್ಲಿರುವ ಹುಡುಗಿ ಹಿಂದಿನಿಂದ ಓಡಿಬಂದಳು, ಕೈಯಲ್ಲಿ ಒಂದು ಕರಡು ವರದಿ. “ಮೇಡಂ, ನಿಮಗೆ ಹೇಳ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಮೂವತ್ತೆರಡನೇ ಪುಟ ನೋಡಿ” ಅಂದಳು. ಮೆಟ್ಟಿಲ ಮೇಲೆಯೇ ನಿಂತು ಓದಿದೆ. ‘ಈ ಕೇಂದ್ರದ ವೀಕ್ಷಕರ ಬರವಣಿಗೆ ನಂಬಲರ್ಹವಲ್ಲ. ಇಲ್ಲಿನ ಇಪ್ಪತ್ತನಾಲ್ಕು ವರ್ಷಗಳ ಓಜೋನ್ ದಾಖಲೆಯನ್ನು ಪೂರ್ತಿಯಾಗಿ ಕೈಬಿಡಬೇಕು.’ ಕೆಳಗೆ ಹಳೆಯ ದಾಖಲೆಗಳನ್ನು ಪರಿಶೀಲಿಸುವ ಸಮಿತಿಯ ಮೂವರ ಸಹಿ. ಮೂರನೆಯದರ ಕೊನೆಯ ಅಕ್ಷರದ ಬಾಲ ನೋಡಿದೊಡನೆ ಗುರುತು ಸಿಕ್ಕಿತು. ಆ ಅಕ್ಷರ ತಿದ್ದಿಸಿದವಳೇ ನಾನು.

ಇಪ್ಪತ್ತನಾಲ್ಕು ವರ್ಷ ಅಂದರೆ ಏನೆಂದು ಗೊತ್ತೇನೆ ನಿನಗೆ? ಇಬ್ಬರು ಎತ್ತಬೇಕಾದ ಅಳತೆಯ ಪೆಟ್ಟಿಗೆಯನ್ನು ಗಾಲಿಯ ಮೇಜಿನ ಮೇಲೆ ಒಬ್ಬಳೇ ತಾರಸಿಯ ಕೋಣೆಯಿಂದ ಬಿಸಿಲಿಗೆ ತಳ್ಳಿದ್ದೇನೆ. ದಿನಾ ಮಧ್ಯಾಹ್ನ ಅದನ್ನು ಸೂರ್ಯನ ಕಡೆಗೆ ತಿರುಗಿಸಿ, ಮುಳ್ಳಿನ ನಡುಕ ನಿಲ್ಲುವವರೆಗೆ ಬಿಲ್ಲೆ ತಿರುಗಿಸಿ, ಅಂಕಿ ಓದಿ ಬರೆದಿದ್ದೇನೆ. ಹಕ್ಕಿ ಹೋಗದ, ವಿಮಾನವೂ ಹೋಗದ ಎತ್ತರದಲ್ಲಿ, ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಮೇಲೆ, ಬಿಸಿಲಿನ ಕೆಟ್ಟ ಕಿರಣಗಳನ್ನು ಹಿಡಿದು ನಿಲ್ಲಿಸುವ ಗಾಳಿಯ ಪದರ ಇದೆ. ಅದು ಇವತ್ತು ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಒಂದೇ ದಿಕ್ಕಿಗೆ ನಿಂತು ನಿಂತು ನನ್ನ ಎಡಗೆನ್ನೆ ಬಲಗೆನ್ನೆಗಿಂತ ಕಪ್ಪಾಗಿದೆ. ನೀನೇ ಚಿಕ್ಕವಳಿದ್ದಾಗ ಅದನ್ನು ನೋಡಿ ನಗುತ್ತಿದ್ದೆ.

ಕಳ್ಳನನ್ನು ಹಿಡಿದರೂ ‘ಏನಪ್ಪಾ, ಏನು ಹೇಳ್ತೀಯ’ ಎಂದು ಒಂದು ಮಾತು ಕೇಳುತ್ತಾರೆ. ನನ್ನನ್ನು ಅಷ್ಟೂ ಕೇಳಲಿಲ್ಲ. ಫೋನ್ ಮಾಡೋಣವೆಂದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಆ ಸಾಲನ್ನು ಹಿಂದಕ್ಕೆ ತೆಗೆದುಕೋ. ತೆಗೆದುಕೊಳ್ಳುವವರೆಗೆ ನನ್ನ ಮನೆಯ ಹೊಸ್ತಿಲು ತುಳಿಯಬೇಡ.

ನಂಬಲರ್ಹಳಲ್ಲದ,
ನಿನ್ನ ಅಮ್ಮ

~

ಮಾರ್ಚ್ 19

ಅಮ್ಮಾ,

ಹೊಸ್ತಿಲು ತುಳಿದು ಮೂರು ವರ್ಷವಾಯಿತು, ನಿನಗೆ ಲೆಕ್ಕ ತಪ್ಪಿದೆ.

ಫೋನ್ ಮಾಡಲಿಲ್ಲ, ನಿಜ. ಮಾಡಿದ್ದರೆ ನೀನು ಮೊದಲು ಬೈಯುತ್ತಿದ್ದೆ, ಆಮೇಲೆ ಮಾತು ತಿರುಗಿಸುತ್ತಿದ್ದೆ. ಕಾಗದದಲ್ಲಿಯೂ ಅದನ್ನೇ ಮಾಡಿದ್ದೀಯ. ಎಡಗೆನ್ನೆಯ ಕಥೆ ಹೇಳಿದ್ದೀಯ, ದಾಖಲೆಯ ವಿಷಯ ಹೇಳಿಲ್ಲ. ನಾನು ಹೇಳುತ್ತೇನೆ, ಕೇಳು.

ನಿಮ್ಮ ತಾರಸಿಯ ಮೂಲೆಯಲ್ಲಿ ಒಂದು ಗಾಜಿನ ಗುಂಡು ಇದೆಯಲ್ಲ. ಬಿಸಿಲಿರುವಷ್ಟು ಹೊತ್ತೂ ಅದು ಹಿಂದಿನ ರಟ್ಟಿನ ಪಟ್ಟಿಯ ಮೇಲೆ ಸುಟ್ಟ ಗೆರೆ ಎಳೆಯುತ್ತಾ ಹೋಗುತ್ತದೆ. ಮೋಡ ಅಡ್ಡ ಬಂದರೆ ಗೆರೆ ನಿಲ್ಲುತ್ತದೆ. ಆ ಪಟ್ಟಿಗಳನ್ನು ಇಡುತ್ತಿದ್ದದ್ದು ಬೇರೆ ವಿಭಾಗ. ಸಮಿತಿಯಲ್ಲಿ ನನ್ನ ಜೊತೆ ಇರುವವನು ಅವರ ಉಗ್ರಾಣಕ್ಕೆ ಹೋಗಿ ಧೂಳು ಕುಡಿದು ಒಂದೊಂದೇ ತೆಗೆದು ನೋಡಿದ. ನೀನು ‘ಮೋಡ, ಅಳತೆ ಇಲ್ಲ’ ಎಂದು ಬರೆದ ದಿನಗಳಲ್ಲಿ ನಲವತ್ತೊಂದು ದಿನ ಗೆರೆ ಈ ತುದಿಯಿಂದ ಆ ತುದಿಗೆ ಸುಟ್ಟಿದೆ. ಒಂದು ತುಣುಕು ಮೋಡವೂ ಇಲ್ಲ. ‘ಇವರು ಆ ದಿನಗಳಲ್ಲಿ ತಾರಸಿ ಹತ್ತಿಯೇ ಇಲ್ಲ ಬಿಡಿ, ಕೆಳಗೆ ಕೂತು ಕಾಗೆ ಹಾರಿಸಿದ್ದಾರೆ’ ಅಂದ ಅವನು. ನಲವತ್ತೊಂದು ದಿನ ಹಾಗೆ ಮಾಡಿದವರು ಉಳಿದ ದಿನ ಏನು ಮಾಡಿದರೋ ಯಾರಿಗೆ ಗೊತ್ತು? ಅದಕ್ಕೇ ಎಲ್ಲವನ್ನೂ ಬಿಟ್ಟೆವು.

ಆದರೆ ಅವನನ್ನು ಆ ಉಗ್ರಾಣಕ್ಕೆ ಕಳಿಸಿದವಳು ನಾನು. ಯಾಕೆಂದರೆ ನಿನ್ನ ಅಳತೆಯ ಪುಸ್ತಕ ಕೈಗೆ ಬಂದ ದಿನ ನಾನು ಮೊದಲು ತೆಗೆದದ್ದು ಒಂದೇ ಪುಟ, ಅಪ್ಪ ತೀರಿಕೊಂಡ ವರ್ಷದ ಅಕ್ಟೋಬರ್ 9.

ನನಗೆ ಹದಿನಾಲ್ಕು ವರ್ಷ. “ಅಳತೆ ಮುಗಿಸಿ ಹನ್ನೆರಡೂವರೆಗೆ ಬಂದುಬಿಡ್ತೀನಿ, ಅಪ್ಪನ ಪಕ್ಕ ಕೂತಿರು” ಎಂದು ಹೇಳಿ ಹೋದವಳು ನೀನು. ಆಸ್ಪತ್ರೆಯಿಂದ ಎರಡು ಬೀದಿ ಆಚೆ ನಿನ್ನ ಕಚೇರಿ. ಒಂದು ಗಂಟೆ ಹತ್ತು ನಿಮಿಷಕ್ಕೆ ಅಪ್ಪ ಹೋದರು. ನೀನು ಬಂದದ್ದು ಒಂದೂ ಮುಕ್ಕಾಲಿಗೆ. ನರ್ಸ್ ಅಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದು ಆಗಿತ್ತು. ಅಷ್ಟು ಹೊತ್ತು ನಾನು ಕಿಟಕಿಯನ್ನೇ ನೋಡುತ್ತಿದ್ದೆ. ಆಕಾಶ ಒರೆಸಿಟ್ಟಂತೆ ಇತ್ತು. ಇಷ್ಟು ಬಿಸಿಲಿದೆ, ಪಾಪ ಅಮ್ಮನಿಗೆ ಕೆಲಸವಿದೆ ಎಂದುಕೊಂಡೆ. ವರ್ಷಾನುಗಟ್ಟಲೆ ಹಾಗೆಯೇ ಸಮಾಧಾನ ಹೇಳಿಕೊಂಡೆ.

ಪುಟ ತೆಗೆದರೆ ನಿನ್ನ ದುಂಡನೆಯ ಅಕ್ಷರ: ‘ಮೋಡ, ಅಳತೆ ಇಲ್ಲ.’

ಅಳತೆಗೆ ಹೋಗಿರಲಿಲ್ಲ ಎಂದಮೇಲೆ ಎಲ್ಲಿಗೆ ಹೋಗಿದ್ದೆ ಅಮ್ಮಾ? ಯಾವುದಕ್ಕೆ ನನ್ನನ್ನು ಅಲ್ಲಿ ಒಬ್ಬಳನ್ನೇ ಕೂರಿಸಿದೆ? ದಾಖಲೆ ಸಾಯಲಿ, ಇದಕ್ಕೆ ಉತ್ತರ ಕೊಡು.

ಇತಿ,
ನಿನ್ನ ಮಗಳು

~

ಮಾರ್ಚ್ 27

ಆ ದಿನದ ಮಾತು ಎತ್ತುವ ಹಕ್ಕು ನಿನಗಿದೆ ಎಂದು ಯಾರು ಹೇಳಿದರು? ಅವರು ನಿನಗೆ ಅಪ್ಪನಾದರೆ ನನಗೂ ಏನೋ ಒಂದು ಆಗಬೇಕಿತ್ತು, ನೆನಪಿರಲಿ.

ಒಂದೇ ಪ್ರಶ್ನೆ. ಆ ವೀಕ್ಷಕಿ ನಿನ್ನ ತಾಯಿ ಎಂದು ಆ ಸಮಿತಿಯವರಿಗೆ ಹೇಳಿದ್ದೀಯಾ? ಹೇಳಿರಲಾರೆ. ಹೇಳಿದ್ದರೆ ನನ್ನ ಪುಸ್ತಕ ನಿನ್ನ ಮೇಜಿಗೆ ಬರುತ್ತಲೇ ಇರಲಿಲ್ಲ. ನನ್ನ ಬರವಣಿಗೆ ನಂಬಲರ್ಹವಲ್ಲ, ನಿನ್ನದು ಭಾರೀ ನಂಬಲರ್ಹ! ಇನ್ನು ನನಗೆ ಬರೆಯಬೇಡ.

ಅಮ್ಮ

~

ಏಪ್ರಿಲ್ 16

ಅಮ್ಮಾ,

ಹೇಳಿಲ್ಲ. ನೀನು ಸರಿಯಾಗಿಯೇ ಹಿಡಿದೆ.

ವರದಿ ಜೂನ್ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ. ಆಮೇಲೆ ನಿನ್ನ ಕೇಂದ್ರದ ಹೆಸರು ಪಟ್ಟಿಯಿಂದ ಹೋಯಿತೆಂದರೆ ಹೋಯಿತು, ನಿನ್ನ ಒಂದು ಅಂಕಿಯನ್ನೂ ಇನ್ನು ಯಾರೂ ತೆಗೆದು ನೋಡುವುದಿಲ್ಲ. ಹೇಳುವುದೇನಾದರೂ ಇದ್ದರೆ ಅಷ್ಟರೊಳಗೆ ಹೇಳು. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ನನಗೇನೂ ನಷ್ಟವಿಲ್ಲ.

ನಿನ್ನ ಮಗಳು

~

ಮೇ 21

ಮಗಳೇ,

ಐದು ವಾರದಿಂದ ಬರೆದು ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಕೆಲಸಕ್ಕೆ ಸೇರಿದ ಮೇಲೆ ಮೊದಲ ಐದು ವರ್ಷ ಏನೂ ತೊಂದರೆಯಿರಲಿಲ್ಲ. ಅಂಕಿ ಮುನ್ನೂರರ ಆಚೀಚೆ ಇರುತ್ತಿತ್ತು. ಆರನೆಯ ವರ್ಷ, ಸೆಪ್ಟೆಂಬರ್ ಅಕ್ಟೋಬರ್ ಎರಡು ತಿಂಗಳು ಮಾತ್ರ, ಕೆಲವು ದಿನ ಅದು ಇನ್ನೂರ ಐವತ್ತಕ್ಕೆ ಇಳಿಯಿತು. ಮರುವರ್ಷ ಇನ್ನೂರ ಮೂವತ್ತು. ಅದರ ಮರುವರ್ಷ ಇನ್ನೂರ ಹತ್ತು. ಪೆಟ್ಟಿಗೆ ಕೆಟ್ಟಿದೆಯೇನೋ ಎಂದು ನಾನೇ ಮೊದಲು ಹೆದರಿದೆ. ಪ್ರತಿವಾರ ಅದರ ಮುಂದೆ ಪರೀಕ್ಷೆಗೆಂದೇ ಕೊಟ್ಟ ದೀಪ ಹಚ್ಚಿ, ಅಂಕಿ ತಪ್ಪುತ್ತಿದೆಯೇ ಎಂದು ನೋಡುತ್ತಿದ್ದೆ. ಪೆಟ್ಟಿಗೆ ಸರಿಯಾಗಿಯೇ ಇತ್ತು. ಮೇಲಿನ ಪದರವೇ ತೆಳುವಾಗುತ್ತಿತ್ತು. ಮೂರು ವರ್ಷ ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ.

ಮೂರನೆಯ ವರ್ಷದ ಕೊನೆಗೆ ನಿರ್ದೇಶಕರು ಕರೆಸಿದರು. ಮೇಜಿನ ಮೇಲೆ ನನ್ನ ಪುಸ್ತಕ. ಆ ಮನುಷ್ಯ ಕುರ್ಚಿಯಲ್ಲಿ ಕೂರು ಎಂದೂ ಹೇಳಲಿಲ್ಲ. “ಏನಮ್ಮಾ ಇದು? ಆಕಾಶದಲ್ಲಿ ಇಂಥ ಅಂಕಿ ಇರೋದೇ ಇಲ್ಲ. ಒಂದೋ ನಿಮ್ಮ ಪೆಟ್ಟಿಗೆ ಕೆಟ್ಟಿದೆ, ಇಲ್ಲಾ ನಿಮ್ಮ ಕಣ್ಣು ಕೆಟ್ಟಿದೆ. ಇದನ್ನ ಕಳ್ಸಿ ಎಲ್ಲರ ಮುಂದೆ ನನ್ನ ನಗೆಪಾಟಲು ಮಾಡ್ತೀರಾ?” ಅಂದರು. ಬಂದು ಒಂದು ಸಲ ಮುಳ್ಳು ನೋಡಿ ಸಾರ್ ಎಂದೆ. ತಾರಸಿ ಹತ್ತಿದರೆ ಅವರ ಮಂಡಿ ನೋಯುತ್ತದಂತೆ! “ಇನ್ನೂರ ಐವತ್ತಕ್ಕಿಂತ ಕಡಿಮೆ ಬಂದ್ರೆ ಮುನ್ನೂರು ಅಂತ ಬರೀರಿ” ಅಂದರು.

ಆಗುವುದಿಲ್ಲ ಎಂದೆ. ಮುಳ್ಳು ತೋರಿಸದ ಅಂಕಿಯನ್ನು ನಾನು ಬರೆಯುವುದಿಲ್ಲ, ಕೈ ಕಡಿದರೂ ಬರೆಯುವುದಿಲ್ಲ ಎಂದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ, “ಹಾಗಾದ್ರೆ ಮೋಡ ಅಂತ ಬರೀರಿ. ಮೋಡಾನ ಯಾರೂ ಪ್ರಶ್ನೆ ಮಾಡಲ್ಲ. ಅದೂ ಆಗಲ್ಲ ಅಂದ್ರೆ ಕೇಂದ್ರ ಮುಚ್ಚೋಣ, ನೀವು ಮನೆಗೆ ಹೋಗಿ” ಅಂದರು. ಆಗ ನಿಮ್ಮಪ್ಪ ವಾಚ್ ರಿಪೇರಿಯ ಅಂಗಡಿ ಮುಚ್ಚಿ ಆರು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಅವರನ್ನು ಸೇರಿಸಿಕೊಳ್ಳುತ್ತಿದ್ದದ್ದು ನನ್ನ ಕೆಲಸದ ಚೀಟಿ ನೋಡಿ. ನಾನು ಪುಸ್ತಕ ಎತ್ತಿಕೊಂಡು ಈಚೆ ಬಂದೆ. ಆ ಮನುಷ್ಯ ಸತ್ತಾಯಿತು, ಫೋಟೋ ಮಾತ್ರ ಈಗ ಅದೇ ಮೆಟ್ಟಿಲ ಗೋಡೆಯ ಮೇಲೆ ನಗುತ್ತಾ ಇದೆ. ನಿನ್ನ ವರದಿ ಓದಿದ್ದು ಅದರ ಕೆಳಗೇ ನಿಂತು. ಕಿತ್ತು ಬಿಸಾಡಬೇಕು ಅನ್ನಿಸಿತು.

ಅಲ್ಲಿಂದ ಐದು ವರ್ಷಗಳಲ್ಲಿ ಒಟ್ಟು ನಲವತ್ತೊಂದು ದಿನ. ಒಂದು ದಿನವೂ ಕೆಳಗೆ ಕೂತಿರಲಿಲ್ಲ. ನಲವತ್ತೊಂದು ದಿನವೂ ತಾರಸಿ ಹತ್ತಿ, ಅಳೆದು, ಅಂಕಿ ಓದಿ, ಕೆಳಗೆ ಬಂದು ‘ಮೋಡ’ ಎಂದು ಬರೆದೆ. ಅವರು ನಿವೃತ್ತರಾದ ಮೇಲೆ ಬೇರೆ ಕಡೆಯೂ ಪದರ ತೆಳುವಾಗಿದೆ ಎಂಬ ಸುದ್ದಿ ಬಂತು. ಹೊಸಬರು ಬಂದು, ಇದ್ದದ್ದನ್ನು ಬರೆಯಿರಿ ಎಂದರು. ಬರೆದೆ. ಹಿಂದಿನ ಐದು ವರ್ಷದ ಬಗ್ಗೆ ಅವರು ಕೇಳಲಿಲ್ಲ, ನಾನೂ ತಿಪ್ಪೆ ಸಾರಿಸಿಬಿಟ್ಟೆ. ಆಗ ಬಾಯಿ ಬಿಟ್ಟಿದ್ದರೆ ಯಾರೂ ನನ್ನನ್ನು ತಿನ್ನುತ್ತಿರಲಿಲ್ಲ. ನಾಚಿಕೆಯಿಂದ ಬಿಡಲಿಲ್ಲ, ಅಷ್ಟೆ.

ಈಗ ಆ ದಿನ. ಐದು ವರ್ಷದಲ್ಲಿ ಮೊದಲನೆಯ ವರ್ಷ ಅದು.

ಬೆಳಿಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ. ನಿಮ್ಮಪ್ಪನೇ “ಹೋಗಿ ಬಾರೇ, ನಾನೆಲ್ಲಿ ಓಡಿ ಹೋಗ್ತೀನಿ” ಎಂದು ಕಳಿಸಿದರು. ಹನ್ನೆರಡೂ ಐದಕ್ಕೆ ಮುಳ್ಳು ನಿಂತಿತು. ಲೆಕ್ಕ ಹಾಕಿದೆ: ನೂರ ಎಂಬತ್ತೇಳು. ಅಷ್ಟು ಕಡಿಮೆ ನಾನು ಹಿಂದೆಂದೂ ನೋಡಿರಲಿಲ್ಲ. ದೀಪದ ಪರೀಕ್ಷೆ ಮಾಡಿ ಇನ್ನೊಮ್ಮೆ ಅಳೆದೆ, ನೂರ ಎಂಬತ್ತೇಳು. ಪೆಟ್ಟಿಗೆ ಬಿಚ್ಚಿ ಒರೆಸಿ ಮತ್ತೊಮ್ಮೆ ಅಳೆದೆ, ನೂರ ಎಂಬತ್ತೆಂಟು. ಕೆಳಗೆ ಬೀದಿಯಲ್ಲಿ ಜನ ಬರಿ ತಲೆಯಲ್ಲಿ ಓಡಾಡುತ್ತಿದ್ದರು, ಶಾಲೆಯ ಮಕ್ಕಳು ಬಿಸಿಲಲ್ಲಿ ಆಡುತ್ತಿದ್ದರು. ಅವರ ತಲೆಯ ಮೇಲೆ ಏನಾಗುತ್ತಿದೆ ಎಂದು ಇಡೀ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳು.

ಏನು ಬಂದರೂ ಕೊನೆಗೆ ‘ಮೋಡ’ ಎಂದೇ ಬರೆಯಬೇಕು. ಅದು ಮೊದಲ ಸಲ ಅಳೆದಾಗಲೇ ಗೊತ್ತಿತ್ತು. ಹಾಗಿದ್ದೂ ಮೂರು ಸಲ ಅಳೆದೆ. ಯಾರಿಗೂ ಬೇಡದ ಅಂಕಿಗೆ, ನಾನೇ ಬರೆಯದ ಅಂಕಿಗೆ, ಒಂದೂಕಾಲು ಗಂಟೆ ಕೊಟ್ಟೆ. ನನಗೆ ತಿಳಿಯಬೇಕಿತ್ತು, ಅದೊಂದೇ ಕಾರಣ. ಬೇರೆ ಕಾರಣ ಹುಡುಕಿ ಹುಡುಕಿ ಸಾಕಾಗಿದೆ, ಸಿಕ್ಕಿಲ್ಲ. ‘ಎಲ್ಲಿಗೆ ಹೋಗಿದ್ದೆ’ ಎಂದು ನೀನು ಕೇಳಿದೆ. ಎಲ್ಲಿಗೂ ಹೋಗಿರಲಿಲ್ಲ ಕಣೇ, ತಾರಸಿಯ ಮೇಲೇ ಇದ್ದೆ.

ಈಗ ಬೈ, ಎಷ್ಟು ಬೇಕಾದರೂ ಬೈ. ನನಗೆ ನಾನು ಬೈದುಕೊಂಡದ್ದಕ್ಕಿಂತ ಹೆಚ್ಚೇನೂ ನಿನ್ನ ಹತ್ತಿರ ಇರಲಾರದು.

ಅಮ್ಮ

~

ಮೇ 28

ಅಮ್ಮಾ,

ಓದಿ ಒಂದು ದಿನ ಇಡೀ ಯಾರ ಮೇಲೆ ಸಿಟ್ಟು ಮಾಡುವುದು ಎಂದು ತಿಳಿಯದೆ ಕಚೇರಿಯಲ್ಲಿ ಎಲ್ಲರ ಮೇಲೂ ಹಾರಾಡಿದೆ. ಆ ನಿರ್ದೇಶಕ ಸತ್ತು ಬದುಕಿಕೊಂಡ, ಇಲ್ಲದಿದ್ದರೆ ಅವನ ಮನೆ ಬಾಗಿಲಿಗೆ ಹೋಗುತ್ತಿದ್ದೆ. ನಿನ್ನ ಮೇಲೂ ಸಿಟ್ಟಿದೆ. ಹತ್ತೊಂಬತ್ತು ವರ್ಷ ಒಂದೇ ಮನೆಯ ಇಬ್ಬರು ಹೆಂಗಸರು, ಒಂದು ಸಲ ಬಾಯಿ ಬಿಟ್ಟು ಹೇಳಲು ಆಗಲಿಲ್ಲವೇ ನಿನಗೆ?

ಆ ನಲವತ್ತೊಂದು ದಿನಗಳನ್ನು ಒಂದು ಕಾಗದದಲ್ಲಿ ಸಾಲಾಗಿ ಬರೆದು ನೋಡಿದೆ. ಎಲ್ಲವೂ ಆ ಎರಡು ತಿಂಗಳಲ್ಲೇ ಇವೆ. ಸೋಮಾರಿಯಾಗಿದ್ದರೆ ವರ್ಷಪೂರ್ತಿ ಸೋಮಾರಿಯಾಗಿರಬೇಕಿತ್ತಲ್ಲ, ಇದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಬೀಳುವುದು ಬೇಕಿರಲಿಲ್ಲ. ಒಂದು ಪುಟ ನೋಡಿದೆ, ಅಲ್ಲಿಗೇ ತೀರ್ಪು ಬರೆದಾಗಿತ್ತು.

ದಾಖಲೆ ಉಳಿಯಬೇಕಾದರೆ ಒಂದೇ ದಾರಿ. ಬೇಕೆಂದೇ ಸುಳ್ಳು ಬರೆದೆ ಎಂದು ನಿನ್ನ ಸಹಿಯಲ್ಲಿ ಹೇಳಿಕೆ ಕೊಡಬೇಕು. ಅದು ನಿನ್ನ ಹೆಸರಿನೊಂದಿಗೆ ಅಚ್ಚಾಗುತ್ತದೆ, ನಿನ್ನ ಹಳೆಯ ಕಚೇರಿಯವರೆಲ್ಲ ಓದುತ್ತಾರೆ. ಬೇಡವಾದರೆ ಹೇಳು, ನಾನು ಒತ್ತಾಯ ಮಾಡುವುದಿಲ್ಲ. ನೀನು ಕೊಟ್ಟರೂ ಬಿಟ್ಟರೂ, ನೀನು ನನ್ನ ತಾಯಿ ಎಂಬುದನ್ನು ಸಮಿತಿಗೆ ನಾನು ಹೇಳಿಬಿಡುತ್ತೇನೆ. ನಿನ್ನ ಹೇಳಿಕೆಯ ಕರಡು ಇದರ ಜೊತೆ ಇಟ್ಟಿದ್ದೇನೆ.

ಮಗಳು

~

ಜೂನ್ 3

ಸಹಿ ಹಾಕಿದ್ದೇನೆ.

ಕರಡಿನಲ್ಲಿ ‘ಮೇಲಧಿಕಾರಿಯ ಒತ್ತಡಕ್ಕೆ ಒಳಗಾಗಿ’ ಎಂದು ನೀನು ಬರೆದಿದ್ದೆ. ಅದನ್ನು ಹೊಡೆದುಹಾಕಿದ್ದೇನೆ. ಅವರು ಏನು ಹೇಳಿದರು ಎಂಬುದನ್ನು ಬೇರೆ ಸಾಲಿನಲ್ಲಿ ಚೊಕ್ಕವಾಗಿ ಬರೆದಿದ್ದೇನೆ, ಅದು ಇರಲಿ. ಆದರೆ ಪೆನ್ನು ಹಿಡಿದ ಕೈ ನನ್ನದು, ಒತ್ತಡದ್ದಲ್ಲ. ಕನಿಕರ ತೋರಿಸುವ ಒಂದು ಪದ ಸೇರಿಸಿದರೂ ಆ ಕಾಗದವನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಹಳೆಯ ಕಚೇರಿಯವರು ಓದಲಿ. ಕೆಲವರಿಗೆ ಓದು ಬರುತ್ತದೋ ಇಲ್ಲವೋ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ಅಮ್ಮ

~

ಜೂನ್ 30

ಅಮ್ಮಾ,

ಇಪ್ಪತ್ತನಾಲ್ಕು ವರ್ಷವೂ ಉಳಿಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಸುಲಭವಾಗಿ ಆಗಲಿಲ್ಲ, ವರದಿ ಅಚ್ಚಿಗೆ ಹೋಗುವುದನ್ನೇ ತಡೆಹಿಡಿಯಬೇಕಾಯಿತು. ‘ನಲವತ್ತೊಂದು ಸಲ ಸುಳ್ಳು ಬರೆದೆ ಎಂದು ಒಪ್ಪಿಕೊಂಡವರನ್ನು ಉಳಿದ ದಿನ ನಂಬುವುದು ಹೇಗೆ?’ ಎಂದು ಅಧ್ಯಕ್ಷರು ಕೇಳಿದರು. ಮುನ್ನೂರು ಎಂದು ಬರೆಯಿರಿ ಎಂದರೂ ಬರೆಯದ ಹೆಂಗಸು ಸಾರ್ ಇದು, ಅವಳ ಪುಸ್ತಕದಲ್ಲಿ ಖಾಲಿ ಜಾಗ ಇರಬಹುದು, ಮುಳ್ಳು ತೋರಿಸದ ಒಂದು ಅಂಕಿ ಇರಲಾರದು ಎಂದೆ. ದನಿ ಏರಿತ್ತು. ಉಗ್ರಾಣದ ಧೂಳು ಕುಡಿದವನೇ ಎದ್ದು, ಆ ನಲವತ್ತೊಂದು ದಿನಗಳನ್ನು ದೂರದ ಬೇರೆ ಕೇಂದ್ರಗಳ ಪುಸ್ತಕದ ಪಕ್ಕ ಇಟ್ಟು ತೋರಿಸಿದ. ನೀನು ‘ಮೋಡ’ ಬರೆದ ದಿನಗಳಲ್ಲಿ ಅಲ್ಲಿಯೂ ಪದರ ತೆಳುವಾಗಿತ್ತು. ಆಮೇಲೆ ಅಧ್ಯಕ್ಷರು ಒಪ್ಪಿದರು. ನಿನ್ನ ಹೇಳಿಕೆ ಹಾಗೆಯೇ ಅಚ್ಚಾಗುತ್ತದೆ, ಕನಿಕರದ ಪದ ಒಂದೂ ಇಲ್ಲ. ನೂರ ಎಂಬತ್ತೇಳನ್ನು ಮಾತ್ರ ಸೇರಿಸಲಿಲ್ಲ. ಬರೆದಿಡದ ಅಂಕಿಯನ್ನು ನೆನಪಿನಿಂದ ತೆಗೆದುಕೊಳ್ಳುವಂತಿಲ್ಲ. ಅದಕ್ಕೂ ಜಗಳವಾಡಿದೆ, ಸೋತೆ.

ವೀಕ್ಷಕಿ ನನ್ನ ತಾಯಿ ಎಂಬುದನ್ನು ಮುಚ್ಚಿಟ್ಟದ್ದಕ್ಕೆ ನನ್ನನ್ನು ಸಮಿತಿಯಿಂದ ತೆಗೆದಿದ್ದಾರೆ. ವರದಿಯಲ್ಲಿ ನನ್ನ ಹೆಸರಿರುವುದಿಲ್ಲ. ಸರಿಯಾಗಿಯೇ ಮಾಡಿದರು.

ಈಗ ನನ್ನ ಹೇಳಿಕೆ. ಇದನ್ನು ಅಚ್ಚು ಮಾಡುವವರಿಲ್ಲ, ನಿನಗೊಬ್ಬಳಿಗೇ.

ಅಂದು ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ಎರಡೂ ಭುಜ ಹಿಡಿದು, “ಏನಾದ್ರೂ ಅಂದ್ರಾ? ಕೊನೇಲಿ ಏನಾದ್ರೂ ಹೇಳಿದ್ರಾ?” ಎಂದು ಕೇಳಿದೆ. ನಾನು “ಇಲ್ಲ, ಏನೂ ಹೇಳ್ಲಿಲ್ಲ” ಎಂದೆ. ಆಮೇಲೆಯೂ ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲ ಎಂದೆ. ಹೊತ್ತಿಗೆ ಬಾರದವಳಿಗೆ ಅದು ಸಿಗಬಾರದು ಎಂಬ ಹಟ. ಹದಿನಾಲ್ಕರ ಹುಡುಗಿಗೆ ಅಷ್ಟು ಹಟ ಎಲ್ಲಿಂದ ಬಂತೋ ತಿಳಿಯದು. ದೊಡ್ಡವಳಾದ ಮೇಲೂ ಹೇಳಲಿಲ್ಲ, ಅದಕ್ಕೆ ವಯಸ್ಸಿನ ನೆಪವೂ ಇಲ್ಲ.

ಹೇಳಿದ್ದರು. ಒಂದು ಗಂಟೆ ಆಗಿತ್ತೇನೋ. ಕಣ್ಣು ಬಿಟ್ಟು “ಅಮ್ಮ ಎಲ್ಲೇ?” ಅಂದರು. ತಾರಸಿ ಮೇಲೆ ಎಂದೆ. “ಆಕಾಶ ಹೇಗಿದೆ ನೋಡು” ಅಂದರು. ಕಿಟಕಿಯ ಹತ್ತಿರ ಹೋಗಿ ನೋಡಿ, ಒಂದು ಚೂರೂ ಮೋಡ ಇಲ್ಲ ಅಪ್ಪಾ ಎಂದೆ. ಅವರು ನಕ್ಕರು. “ಹಾಗಿದ್ರೆ ಅವಳು ಬರೋದು ತಡ. ಬಂದಾಗ ಬೈಬೇಡ ಜಡ್ಜಮ್ಮಾ, ಪಾಪ, ಅವಳ ಕೆಲಸ ಅದು” ಅಂದರು.

ಅಷ್ಟೇ ಅಮ್ಮಾ ಅವರು ಹೇಳಿದ್ದು. ನಾನು ಅವತ್ತಿನಿಂದ ಇವತ್ತಿನವರೆಗೂ ಬೈದೆ.

ನಿನ್ನ,
ಜಡ್ಜಮ್ಮ